ನೆಗಡಿಯಲ್ಲಿ ಸಾಮು ಮಾಡಬಹುದೆ? ವಿಜಯಪುರ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ಸಮೀಕ್ಷೆ

ವಿಜಯಪುರ ಜಿಲ್ಲೆಯಲ್ಲಿ ಮೈ ದಣಿಸುವ ಕಾಲವೂ ಮೂಗು ಸೋರುವ ಕಾಲವೂ ಹೆಚ್ಚುಕಡಿಮೆ ಒಂದೇ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಬಯಲು ಸೀಮೆಯಲ್ಲಿ ಓಟ, ಸೈಕ್ಲಿಂಗ್, ಕುಸ್ತಿಗಳು ಸಹಜವಾಗಿಯೇ ದೀಪಾವಳಿಯಿಂದ ಶಿವರಾತ್ರಿಯವರೆಗಿನ ತಂಪು ತಿಂಗಳುಗಳನ್ನು ಆರಿಸಿಕೊಂಡಿವೆ. ರಾಜ್ಯದ ಅತಿ ಕಡಿಮೆ ಕನಿಷ್ಠ ಉಷ್ಣಾಂಶ ಹಲವು ಸಲ ಈ ಜಿಲ್ಲೆಯಲ್ಲಿಯೇ ದಾಖಲಾಗುವುದೂ, ಗಾಳಿ ಒಣಗಿ ಮೂಗು ಗಂಟಲುಗಳ ಒಳಪೊರೆ ಬಿರುಸಾಗುವುದೂ ಅದೇ ತಿಂಗಳುಗಳಲ್ಲಿ. ನಗರದ ವೃಕ್ಷೋತ್ಥಾನ ಹೆರಿಟೇಜ್ ರನ್ ಡಿಸೆಂಬರಿನಲ್ಲಿ ನಡೆಯುತ್ತ ಬಂದಿದೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಕುಸ್ತಿಯೂ ಭಾರ ಎತ್ತುವ ಸ್ಪರ್ಧೆಯೂ ಇರುತ್ತವೆ. ತಿಕೋಟಾ, ಬಬಲೇಶ್ವರ, ಜೈನಾಪುರದ ಕಡೆಯ ಯುವಕರು ಪೊಲೀಸ್ ನೇಮಕಾತಿಯ 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸುವ ಹಟದಿಂದ ನಸುಕಿನಲ್ಲೇ ರಸ್ತೆಗಿಳಿಯುತ್ತಾರೆ. ಆದ್ದರಿಂದ ನೆಗಡಿಯೋ ಗಂಟಲ ನೋವೋ ಬಂದ ದಿನ ಸಾಮು ಮಾಡಬೇಕೆ, ಬಿಡಬೇಕೆ ಎಂಬುದು ಇಲ್ಲಿ ಬಿಡುವಿರುವವರ ಕುತೂಹಲದ ಪ್ರಶ್ನೆಯಲ್ಲ. ಅದಕ್ಕೆ ಗರಡಿಮನೆಯಲ್ಲಿ ಸಿಗುವ ಉತ್ತರ ಒಂದು, ಮನೆಯಲ್ಲಿ ಹಿರಿಯರಿಂದ ಸಿಗುವ ಉತ್ತರ ಇನ್ನೊಂದು: ಮಟ್ಟಿಯಲ್ಲಿ ಬೆವರು ಹರಿದರೆ ನೆಗಡಿ ತಾನೇ ಇಳಿಯುತ್ತದೆಂದು ಉಸ್ತಾದರು ಹೇಳಿದರೆ, ಹೊದ್ದು ಮಲಗದೆ ಅದು ಹೋಗದೆಂದು ತಾಯಂದಿರು ಹೇಳುತ್ತಾರೆ. ಕಳೆದ ಅರ್ಧ ಶತಮಾನದ ವೈದ್ಯಕೀಯ ಸಂಶೋಧನೆ ಇಬ್ಬರನ್ನೂ ಪೂರ್ತಿಯಾಗಿ ಒಪ್ಪಿಲ್ಲ, ಇಬ್ಬರನ್ನೂ ಪೂರ್ತಿಯಾಗಿ ತಳ್ಳಿಹಾಕಿಯೂ ಇಲ್ಲ.

ನೆಗಡಿ ಎಂಬುದು ಒಂದೇ ರೋಗವಲ್ಲ. ಮೂಗು ಮತ್ತು ಗಂಟಲಿನ ಒಳಪೊರೆಗೆ ತಗಲುವ ಹಲವು ವೈರಸ್‌ಗಳು ಉಂಟುಮಾಡುವ, ನೋಡಲು ಒಂದೇ ತೆರನಾದ ತೊಂದರೆಗಳ ಗುಂಪು ಅದು. ಇವುಗಳಲ್ಲಿ ದೊಡ್ಡ ಪಾಲು ರೈನೋವೈರಸ್ ಎಂಬ ವರ್ಗದ್ದು. ಅದರಲ್ಲಿಯೇ ನೂರೈವತ್ತಕ್ಕೂ ಹೆಚ್ಚು ಬಗೆಗಳಿರುವುದರಿಂದ ಒಂದರ ವಿರುದ್ಧ ದೇಹ ಗಳಿಸಿದ ರಕ್ಷಣೆ ಮತ್ತೊಂದರ ಎದುರು ನಿಲ್ಲದೆ, ಆರೋಗ್ಯವಂತ ವಯಸ್ಕರಿಗೂ ವರ್ಷಕ್ಕೆ ಎರಡು ಮೂರು ಸಲ ನೆಗಡಿಯಾಗುತ್ತದೆ. ವೈರಸ್ ಹೊಕ್ಕ ಒಂದು ದಿನದಿಂದ ಮೂರು ದಿನಗಳೊಳಗೆ ಗಂಟಲು ಕೆರೆಯಲು ಆರಂಭಿಸಿ, ಬಳಿಕ ಮೂಗು ಸೋರಿ, ಕಟ್ಟಿ, ಕೊನೆಗೆ ಕೆಮ್ಮಿಗೆ ತಿರುಗಿ, ಏಳರಿಂದ ಹತ್ತು ದಿನಗಳಲ್ಲಿ ಎಲ್ಲವೂ ತಣಿಯುವುದು ಸಾಮಾನ್ಯ ಕ್ರಮ. ಈ ಕ್ರಮವನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಅಗತ್ಯ, ಏಕೆಂದರೆ ಮೊದಲ ದಿನದ ಗಂಟಲ ಕೆರೆತವು ಸಾದಾ ನೆಗಡಿಯ ಮುನ್ಸೂಚನೆಯೂ ಆಗಬಹುದು, ಇನ್‌ಫ್ಲುಯೆಂಜಾ ಅಥವಾ ಕೋವಿಡ್‌ನಂಥ ಇಡೀ ದೇಹವನ್ನು ಹಿಡಿಯುವ ಸೋಂಕಿನ ಮೊದಲ ಹೆಜ್ಜೆಯೂ ಆಗಬಹುದು. ಆ ದಿನ ಬೆಳಿಗ್ಗೆ ಎರಡರ ನಡುವಿನ ವ್ಯತ್ಯಾಸ ರೋಗಿಗಾಗಲಿ ವೈದ್ಯರಿಗಾಗಲಿ ಕಾಣುವುದಿಲ್ಲ.

ಈ ಅನಿಶ್ಚಿತತೆಯ ನಡುವೆ ಕ್ರೀಡಾವೈದ್ಯರು ಜಗತ್ತಿನಾದ್ಯಂತ ಬಳಸುವ ಸೂತ್ರವೊಂದಿದೆ. ಅಮೆರಿಕದ ಓಕ್ಲಹೋಮಾ ವಿಶ್ವವಿದ್ಯಾಲಯದಲ್ಲಿದ್ದ ರಕ್ತರೋಗ ತಜ್ಞ ರ್‍ಯಾಂಡಿ ಐಕ್ನರ್ 1993ರಲ್ಲಿ ಪ್ರಚಾರಕ್ಕೆ ತಂದ ಇದನ್ನು ಕುತ್ತಿಗೆಯ ಪರೀಕ್ಷೆ ಎನ್ನಬಹುದು: ತೊಂದರೆಗಳೆಲ್ಲ ಕುತ್ತಿಗೆಯಿಂದ ಮೇಲೆ ಮಾತ್ರ ಇದ್ದರೆ, ಅಂದರೆ ಮೂಗು ಸೋರುವುದು, ಸೀನು, ಸಣ್ಣ ಗಂಟಲ ಕೆರೆತಗಳಷ್ಟೇ ಇದ್ದರೆ, ಅರ್ಧ ವೇಗದಲ್ಲಿ ಹತ್ತು ನಿಮಿಷ ವ್ಯಾಯಾಮ ಮಾಡಿ ನೋಡಬೇಕು, ತಲೆ ಹಗುರವಾದರೆ ಮುಂದುವರಿಸಬಹುದು, ಭಾರವಾದರೆ ನಿಲ್ಲಿಸಬೇಕು. ಕುತ್ತಿಗೆಯಿಂದ ಕೆಳಗಿನ ಲಕ್ಷಣಗಳಿದ್ದರೆ, ಅಂದರೆ ಜ್ವರ, ಮೈಕೈ ನೋವು, ಎದೆಯಿಂದ ಬರುವ ಕೆಮ್ಮು, ವಾಂತಿ ಭೇದಿಗಳಿದ್ದರೆ, ಅಂದು ವ್ಯಾಯಾಮವೇ ಬೇಡ. ನೆನಪಿನಲ್ಲಿ ಉಳಿಯುವ ಸುಲಭ ಸೂತ್ರವಾದ್ದರಿಂದ ಇದು ಬೇಗ ಹರಡಿತು. ಅದು ಹುಟ್ಟಿದ್ದು ವೈದ್ಯರ ಅನುಭವದಿಂದಲೇ ಹೊರತು ಪ್ರಯೋಗದಿಂದಲ್ಲ ಎಂಬುದು ಮಾತ್ರ ಅಷ್ಟಾಗಿ ಹರಡಲಿಲ್ಲ.

ಪ್ರಯೋಗ ನಡೆದದ್ದು ಕೆಲವು ವರ್ಷಗಳ ಬಳಿಕ. ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ವೈಡ್ನರ್ ಮತ್ತು ಸಂಗಡಿಗರು 50 ವಿದ್ಯಾರ್ಥಿಗಳ ಮೂಗಿಗೆ ರೈನೋವೈರಸ್ಸಿನ ಒಂದು ಬಗೆಯನ್ನು ಬೇಕೆಂದೇ ಸೇರಿಸಿ, ಅವರಲ್ಲಿ 34 ಮಂದಿಯಿಂದ ದಿನ ಬಿಟ್ಟು ದಿನ 40 ನಿಮಿಷದ ಮಧ್ಯಮ ವ್ಯಾಯಾಮ ಮಾಡಿಸಿ, ಉಳಿದ 16 ಮಂದಿಯನ್ನು ಸುಮ್ಮನಿರಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೆಗಡಿಯ ತೀವ್ರತೆಯಲ್ಲಿಯೂ ಅವಧಿಯಲ್ಲಿಯೂ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈ ಪ್ರಯೋಗವನ್ನು ವ್ಯಾಯಾಮಪ್ರಿಯರು ತಮಗೆ ಸಿಕ್ಕ ಪರವಾನಗಿಯೆಂದು ಓದುವುದುಂಟು. ಆದರೆ ಅದು ಗರಡಿಮನೆಯ ನಂಬಿಕೆಯನ್ನೂ ಅಷ್ಟೇ ಸ್ಪಷ್ಟವಾಗಿ ಅಲ್ಲಗಳೆಯುತ್ತದೆ, ಏಕೆಂದರೆ ಬೆವರಿದವರ ನೆಗಡಿ ಒಂದು ದಿನವೂ ಮುಂಚಿತವಾಗಿ ಹೋಗಲಿಲ್ಲ. ವ್ಯಾಯಾಮದ ವೇಳೆ ಅಡ್ರಿನಲಿನ್ ವರ್ಗದ ಚೋದಕಗಳು ಮೂಗಿನ ಒಳಪೊರೆಯ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಕಟ್ಟಿದ ಮೂಗು ಸ್ವಲ್ಪ ಹೊತ್ತು ತೆರೆದುಕೊಳ್ಳುತ್ತದೆ. ಬೆವರಿನಿಂದ ನೆಗಡಿ ಇಳಿಯುತ್ತದೆಂಬ ಮಾತಿಗೆ ಮೂಲ ಈ ತಾತ್ಕಾಲಿಕ ನಿರಾಳತೆಯೇ ಇರಬೇಕು. ಪ್ರಯೋಗದ ಮಿತಿಯೂ ಗಮನಾರ್ಹ: ಪರೀಕ್ಷೆಗೆ ಒಳಗಾದವರು ಆರೋಗ್ಯವಂತ ಯುವಜನ, ವೈರಸ್ ಸೌಮ್ಯವಾದದ್ದು ಮತ್ತು ಯಾವುದೆಂದು ಮೊದಲೇ ಗೊತ್ತಿದ್ದದ್ದು, ವ್ಯಾಯಾಮ ಮಿತವಾದದ್ದು. ನಸುಕಿನ ಐದು ಗಂಟೆಯ ಚಳಿಯಲ್ಲಿ ಕಾಲದ ವಿರುದ್ಧ ಓಡುವ ಅಭ್ಯರ್ಥಿಗೆ ಈ ಮೂರರಲ್ಲಿ ಒಂದೂ ಖಾತ್ರಿಯಿಲ್ಲ.

ಮಿತದ ಮಾತು ಈ ನಾಡಿಗೆ ಹೊಸದೇನಲ್ಲ. ವಾಗ್ಭಟನ ಅಷ್ಟಾಂಗಹೃದಯವು ಬಲವಂತನೂ ಜಿಡ್ಡಿನ ಆಹಾರ ಉಣ್ಣುವವನೂ ಆದ ವ್ಯಕ್ತಿ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದೂ, ಉಳಿದ ಕಾಲದಲ್ಲಿ ಅದಕ್ಕಿಂತ ಕಡಿಮೆ ಮಾಡಬೇಕೆಂದೂ ವಿಧಿಸಿ, ಅತಿವ್ಯಾಯಾಮದಿಂದ ಹುಟ್ಟುವ ತೊಂದರೆಗಳ ಪಟ್ಟಿಯಲ್ಲಿ ಕೆಮ್ಮು ಮತ್ತು ಜ್ವರಗಳನ್ನು ಹೆಸರಿಸುತ್ತದೆ. ಪ್ರಾಚೀನರಿಗೆ ವೈರಸ್ ಗೊತ್ತಿತ್ತೆಂದು ಇದರಿಂದ ವಾದಿಸುವುದು ಹಾಸ್ಯಾಸ್ಪದವಾದೀತು. ಆದರೆ ಪೂರ್ಣ ಆರೋಗ್ಯದಲ್ಲಿರುವವನಿಗೇ ಅರ್ಧಶಕ್ತಿ ಎಂದು ಗೆರೆ ಎಳೆದ ಪರಂಪರೆಯ ಹೆಸರಿನಲ್ಲಿ ನೆಗಡಿಯಾದವನಿಗೆ ನೂರಾರು ಬೈಠಕ್ ಹೊಡೆಸುವುದಕ್ಕೆ ಆಧಾರವಿಲ್ಲ ಎಂಬುದಂತೂ ಖಚಿತ.

ಕುತ್ತಿಗೆಯ ಪರೀಕ್ಷೆ ನಿಜವಾಗಿ ಸೋಲುವುದು ಗಂಟಲಿನಲ್ಲಿ. ಗಂಟಲು ಕುತ್ತಿಗೆಯ ಕೆಳಗಿನದಲ್ಲವಾದ್ದರಿಂದ ಸೂತ್ರವು ಗಂಟಲ ನೋವನ್ನು ನಿರಪಾಯಗಳ ಸಾಲಿಗೆ ಸೇರಿಸುತ್ತದೆ. ಬಹುಪಾಲು ಗಂಟಲ ನೋವು ವೈರಸ್‌ನಿಂದಲೇ ಬಂದು ತಾನಾಗಿಯೇ ಹೋಗುವುದು ನಿಜ. ಉಳಿದ ಸಣ್ಣ ಪಾಲಿನಲ್ಲಿರುವ ಮೂರು ರೋಗಗಳು ಮಾತ್ರ ಗಂಟಲಿನಿಂದ ಆರಂಭವಾಗಿ ಬೇರೆ ಅಂಗಗಳಿಗೆ ಇಳಿಯುವಂಥವು. ಮೊದಲನೆಯದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸೋಂಕು. ಮಕ್ಕಳ ಗಂಟಲ ನೋವಿನಲ್ಲಿ ಇದರ ಪಾಲು ಶೇ 20ರಿಂದ 30, ವಯಸ್ಕರಲ್ಲಿ ಶೇ 5ರಿಂದ 15 ಎಂದು ಅಂದಾಜಿಸಲಾಗಿದೆ. ಇದ್ದಕ್ಕಿದ್ದಂತೆ ಏರುವ ಜ್ವರ, ನುಂಗಲಾಗದ ನೋವು, ಟಾನ್ಸಿಲ್‌ಗಳ ಮೇಲೆ ಕೀವಿನ ಬಿಳಿ ಚುಕ್ಕೆ, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು, ಇವುಗಳ ಜೊತೆಗೆ ಕೆಮ್ಮು ಮತ್ತು ನೆಗಡಿ ಇಲ್ಲದಿರುವುದು ಅದರ ಗುರುತು. ಮೂಗು ಸೋರುತ್ತಿದ್ದರೆ ಭಯ ಕಡಿಮೆ, ಮೂಗು ಒಣಗಿದ್ದು ಗಂಟಲು ಮಾತ್ರ ಉರಿಯುತ್ತಿದ್ದರೆ ಭಯ ಹೆಚ್ಚು ಎಂಬ ಈ ತಿರುವುಮುರುವು ಸಂಗತಿ ಹಳ್ಳಿಯ ಪಾಲಕರಿಗೆ ತಿಳಿದಿರಬೇಕಾದದ್ದು. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಕೆಲವರಿಗೆ ಎರಡು ಮೂರು ವಾರಗಳ ಬಳಿಕ ಸಂಧಿಜ್ವರ ಕಾಣಿಸಿಕೊಂಡು ಹೃದಯದ ಕವಾಟಗಳನ್ನು ಕಾಯಮ್ಮಾಗಿ ಕೆಡಿಸುತ್ತದೆ; ಭಾರತದಲ್ಲಿ ಈ ಹೃದ್ರೋಗ ಇನ್ನೂ ಮರೆಯಾಗಿಲ್ಲ. ವೈದ್ಯರು ಬರೆದುಕೊಟ್ಟ ಪೆನಿಸಿಲಿನ್ ವರ್ಗದ ಔಷಧವನ್ನು, ಮೂರನೇ ದಿನವೇ ನೋವು ಹೋದರೂ, ಹೇಳಿದ ಅವಧಿಯವರೆಗೆ ಮುಗಿಸಬೇಕಾದದ್ದು ಇದಕ್ಕಾಗಿ.

ಎರಡನೆಯದು ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಲಸಿಕೆಯಿಂದ ತಡೆಯಬಹುದಾದ ಈ ರೋಗ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಆಗಾಗ ತಲೆಯೆತ್ತುತ್ತಲೇ ಬಂದಿದೆ. ಗಂಟಲಿನಲ್ಲಿ ಬೂದು ಬಣ್ಣದ ಪೊರೆ ಕಟ್ಟುವುದು, ಕುತ್ತಿಗೆ ಊದಿಕೊಳ್ಳುವುದು ಅದರ ಲಕ್ಷಣ. ವ್ಯಾಯಾಮದ ದೃಷ್ಟಿಯಿಂದ ಅದರ ಕ್ರೂರ ಗುಣವೆಂದರೆ, ಬ್ಯಾಕ್ಟೀರಿಯಾ ಸುರಿಸುವ ವಿಷವು ಹೃದಯದ ಸ್ನಾಯುವನ್ನು ಹಿಡಿಯುವುದು ಹಲವು ವೇಳೆ ಗಂಟಲು ಗುಣವಾಗುತ್ತ ಬಂದ ಎರಡನೆಯ ವಾರದ ಹೊತ್ತಿಗೆ. ಮಗು ಚೇತರಿಸಿಕೊಂಡಿತೆಂದು ಆಟಕ್ಕೆ ಬಿಡುವ ಹೊತ್ತೇ ಅಪಾಯದ ಹೊತ್ತು. ಮೂರನೆಯದು ಎಪ್‌ಸ್ಟೈನ್‌-ಬಾರ್ ವೈರಸ್ ತರುವ ಗ್ರಂಥಿಜ್ವರ. ಗಂಟಲ ನೋವು, ಕುತ್ತಿಗೆಯ ಗಂಟುಗಳು, ವಾರಗಟ್ಟಲೆ ಬಿಡದ ಸುಸ್ತು ಇದರ ಲಕ್ಷಣಗಳು. ಇದರಲ್ಲಿ ಎಡಪಕ್ಕೆಯೊಳಗಿನ ಗುಲ್ಮ ಊದಿಕೊಳ್ಳುವುದರಿಂದ, ಕಬಡ್ಡಿಯಲ್ಲಿ ಬೀಳುವ ಪೆಟ್ಟಾಗಲಿ, ಕುಸ್ತಿಯಲ್ಲಿ ಎದುರಾಳಿಯ ಮೊಣಕಾಲು ತಾಗುವುದಾಗಲಿ, ಸಂಗ್ರಾಣಿ ಕಲ್ಲು ಎತ್ತುವಾಗ ಉಸಿರು ಬಿಗಿಹಿಡಿದು ಹೊಟ್ಟೆಯೊಳಗೆ ಏರುವ ಒತ್ತಡವಾಗಲಿ ಅದನ್ನು ಹರಿಯಬಹುದು. ಅಪಾಯ ಮೊದಲ ಮೂರು ವಾರಗಳಲ್ಲಿ ಹೆಚ್ಚಾದ್ದರಿಂದ ಅಷ್ಟು ಕಾಲವಾದರೂ ಮೈಮೇಲೆ ಬೀಳುವ ಆಟಗಳನ್ನು ಬಿಡಬೇಕು, ಹಿಂತಿರುಗುವ ಮುನ್ನ ವೈದ್ಯರು ಹೊಟ್ಟೆ ಪರೀಕ್ಷಿಸಬೇಕು.

ಜ್ವರದ ವಿಷಯದಲ್ಲಿ ಪಂಡಿತರ ನಡುವೆ ಭಿನ್ನಮತವಿಲ್ಲ. ದೇಹದ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿಬಡಿತ ನಿಮಿಷಕ್ಕೆ ಸುಮಾರು ಹತ್ತರಷ್ಟು ಹೆಚ್ಚುತ್ತದೆ. ಅಂದರೆ ಜ್ವರ ಬಂದವನ ಹೃದಯ ಮಲಗಿರುವಾಗಲೇ ಹೆಚ್ಚುವರಿ ದುಡಿಮೆಗೆ ತೊಡಗಿರುತ್ತದೆ. ಅದಕ್ಕಿಂತ ದೊಡ್ಡ ಆತಂಕ ಹೃದಯಸ್ನಾಯುವಿನ ಉರಿಯೂತ. ಕಾಕ್ಸಾಕಿ ಮೊದಲಾದ ಕೆಲವು ವೈರಸ್‌ಗಳು ಸಾದಾ ಜ್ವರ, ನೆಗಡಿ, ಗಂಟಲ ನೋವಿನ ವೇಷದಲ್ಲಿ ಬಂದು ಅಪರೂಪಕ್ಕೆ ಹೃದಯವನ್ನು ಹೊಗುತ್ತವೆ. 1970ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಾಕ್ಸಾಕಿ ವೈರಸ್ ಸೋಂಕಿದ ಇಲಿಗಳನ್ನು ನೀರಿನಲ್ಲಿ ಈಜಲು ಬಿಟ್ಟಾಗ, ಸುಮ್ಮನಿದ್ದ ಇಲಿಗಳಿಗೆ ಹೋಲಿಸಿದರೆ ಅವುಗಳ ಹೃದಯದಲ್ಲಿ ವೈರಸ್ ನೂರಾರು ಪಟ್ಟು ಹೆಚ್ಚು ವೃದ್ಧಿಯಾಯಿತು, ಸತ್ತ ಇಲಿಗಳ ಪ್ರಮಾಣವೂ ಬಹಳ ಹೆಚ್ಚಿತು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು, ಮನುಷ್ಯರ ಮೇಲೆ ಅಂಥ ಪ್ರಯೋಗ ನಡೆಸಲೂ ಆಗದು. ಆದರೆ ಸ್ವೀಡನ್ನಿನಲ್ಲಿ 1979ರಿಂದ 1992ರ ನಡುವೆ, ನಕಾಶೆ ಹಿಡಿದು ಕಾಡಿನಲ್ಲಿ ಓಡುವ ಓರಿಯೆಂಟಿಯರಿಂಗ್ ಎಂಬ ಕ್ರೀಡೆಯ 16 ಯುವ ಓಟಗಾರರು ಹಠಾತ್ತನೆ ಸತ್ತಾಗ, ಅವರಲ್ಲಿ ಹಲವರ ಹೃದಯಸ್ನಾಯುವಿನಲ್ಲಿ ಉರಿಯೂತದ ಗುರುತುಗಳು ಸಿಕ್ಕವು. ಅಲ್ಲಿಯ ಕ್ರೀಡಾ ಸಂಸ್ಥೆ ಆರು ತಿಂಗಳ ಕಾಲ ತರಬೇತಿ ಮತ್ತು ಸ್ಪರ್ಧೆಗಳನ್ನು ನಿಲ್ಲಿಸಿ, ಸೋಂಕಿನ ಸಮಯದಲ್ಲಿ ಓಡಬಾರದೆಂಬ ಕಟ್ಟುನಿಟ್ಟಿನ ಸಲಹೆ ನೀಡಿತು. ಇಂಥ ಉರಿಯೂತ ಖಚಿತವಾದರೆ ಮೂರರಿಂದ ಆರು ತಿಂಗಳು ಸ್ಪರ್ಧಾತ್ಮಕ ಕ್ರೀಡೆಯಿಂದ ದೂರವಿರುವುದು ಈಗಿನ ರೂಢಿ. ಎದೆನೋವು, ತಲೆ ಸುತ್ತಿ ಬೀಳುವುದು, ಎದೆ ಡವಡವ ಹೊಡೆದುಕೊಳ್ಳುವುದು, ಮೊದಲು ಸಲೀಸಾಗಿ ಏರುತ್ತಿದ್ದ ಮೆಟ್ಟಿಲಿಗೇ ಏದುಸಿರು ಬರುವುದು, ಇವುಗಳಲ್ಲಿ ಯಾವುದಾದರೂ ನೆಗಡಿ ಜ್ವರದ ಬೆನ್ನಿಗೆ ಕಾಣಿಸಿದರೆ ಅದು ತಾಲೀಮಿನ ಪ್ರಶ್ನೆಯಾಗಿ ಉಳಿಯದೆ ಆಸ್ಪತ್ರೆಯ ಪ್ರಶ್ನೆಯಾಗುತ್ತದೆ.

ಕರ್ನಾಟಕದಲ್ಲಿ 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹಠಾತ್ ಹೃದಯಾಘಾತದಿಂದ ತೀರಿಕೊಂಡ ಬಳಿಕ ಜಿಮ್ ಮತ್ತು ಹೃದಯದ ಬಗ್ಗೆ ಮೂಡಿದ ಭಯ ಇಂದಿಗೂ ಪೂರ್ತಿ ಇಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಪ್ರಕಟಿಸಿದ, 18ರಿಂದ 45 ವರ್ಷದವರ ವಿವರಿಸಲಾಗದ ಹಠಾತ್ ಸಾವುಗಳ ಅಧ್ಯಯನವು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಮಾಡಿದ ತೀವ್ರ ದೈಹಿಕ ಚಟುವಟಿಕೆ, ಅದೇ ಅವಧಿಯ ಅತಿ ಮದ್ಯಪಾನ, ಹಿಂದೆ ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಸಂಭವಿಸಿದ್ದು ಮೊದಲಾದ ಅಂಶಗಳಿಗೆ ಇಂಥ ಸಾವಿನೊಂದಿಗೆ ನಂಟಿರುವುದನ್ನು ಕಂಡುಕೊಂಡಿತು. ವ್ಯಾಯಾಮವೇ ಕೊಲ್ಲುತ್ತದೆಂದು ಇದನ್ನು ಓದುವುದು ತಪ್ಪು, ಏಕೆಂದರೆ ನಿಯಮಿತ ವ್ಯಾಯಾಮ ಹೃದಯಕ್ಕೆ ಹಿತವೆಂಬುದಕ್ಕೆ ಇದಕ್ಕಿಂತ ಎಷ್ಟೋ ದೊಡ್ಡ ಸಾಕ್ಷ್ಯವಿದೆ.

ನೆಗಡಿಯಲ್ಲಿ ವ್ಯಾಯಾಮ ಎಂಬ ಪ್ರಶ್ನೆಯ ಬೆನ್ನಿಗೇ ಬರುವುದು ವ್ಯಾಯಾಮದಿಂದಲೇ ನೆಗಡಿಯೆ ಎಂಬ ಪ್ರಶ್ನೆ. ಡೇವಿಡ್ ನೀಮನ್ ಎಂಬ ಸಂಶೋಧಕರು 1987ರ ಲಾಸ್ ಏಂಜಲಿಸ್ ಮ್ಯಾರಥಾನ್ ಓಟಗಾರರನ್ನು ವಿಚಾರಿಸಿದಾಗ, ಓಟದ ನಂತರದ ವಾರದಲ್ಲಿ ಓಡಿದವರ ಪೈಕಿ ಶೇ 12.9 ಮಂದಿ ಸೋಂಕಿನ ಲಕ್ಷಣ ವರದಿ ಮಾಡಿದರು, ತರಬೇತಿ ಪಡೆದೂ ಓಡದೆ ಉಳಿದವರಲ್ಲಿ ಈ ಪ್ರಮಾಣ ಶೇ 2.2 ಮಾತ್ರ. ದೀರ್ಘ ಶ್ರಮದ ಬಳಿಕ ಕೆಲವು ಗಂಟೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆಂಬ ಸಿದ್ಧಾಂತ ಬೆಳೆದದ್ದು ಇಂಥ ಅಧ್ಯಯನಗಳಿಂದ. 2018ರಲ್ಲಿ ಕ್ಯಾಂಪ್‌ಬೆಲ್ ಮತ್ತು ಟರ್ನರ್ ಎಂಬ ಇಬ್ಬರು ಇದನ್ನು ಬಲವಾಗಿ ಪ್ರಶ್ನಿಸಿ, ರಕ್ತದಲ್ಲಿ ಕಡಿಮೆಯಾದಂತೆ ಕಾಣುವ ರಕ್ಷಕ ಕೋಶಗಳು ಸತ್ತಿರುವುದಿಲ್ಲ, ಶ್ವಾಸಕೋಶ ಮತ್ತು ಕರುಳಿನಂಥ ಕಾವಲಿನ ಜಾಗಗಳಿಗೆ ತೆರಳಿರುತ್ತವೆ ಎಂದರು. ಓಟಗಾರರು ನೆಗಡಿಯೆಂದು ಬರೆದುಕೊಟ್ಟದ್ದೆಲ್ಲ ಪ್ರಯೋಗಾಲಯದಲ್ಲಿ ನೆಗಡಿಯೆಂದು ಸಾಬೀತಾದದ್ದಲ್ಲ ಎಂಬ ಅವರ ಆಕ್ಷೇಪ ತೂಕದ್ದೇ. ವಾರದಲ್ಲಿ ಐದು ದಿನ ಮಿತ ವ್ಯಾಯಾಮ ಮಾಡುವವರಿಗೆ ನೆಗಡಿಯ ದಿನಗಳು ಕಡಿಮೆ ಎಂಬ ವಿಷಯದಲ್ಲಿ ಮಾತ್ರ ಎರಡೂ ಪಕ್ಷಗಳಿಗೆ ತಕರಾರಿಲ್ಲ.

ಸಾಬೀತಾಗದ ನೆಗಡಿ ಎಂಬ ಈ ಅಂಶ ವಿಜಯಪುರದ ಸೈಕ್ಲಿಸ್ಟ್‌ಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಜಿಲ್ಲೆಯಲ್ಲಿ ಸೈಕ್ಲಿಂಗ್‌ಗೆಂದೇ ಕ್ರೀಡಾ ನಿಲಯವಿದ್ದು, ಹಳ್ಳಿಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದವರೆಗೆ ಹೋಗಿದ್ದಾರೆ. ಅವರ ಅಭ್ಯಾಸ ಬಹುತೇಕ ತೆರೆದ ರಸ್ತೆಯಲ್ಲಿ, ಲಾರಿಗಳ ಹೊಗೆ ಮತ್ತು ಎರೆಮಣ್ಣಿನ ಧೂಳಿನ ನಡುವೆ ನಡೆಯುತ್ತದೆ. ವೇಗವಾಗಿ ತುಳಿಯುವಾಗ ಉಸಿರಾಟ ಮೂಗಿನಿಂದ ಬಾಯಿಗೆ ಬದಲಾಗುವುದರಿಂದ, ಬಿಸಿಯಾಗದ, ತೇವಗೊಳ್ಳದ, ಸೋಸದ ಗಾಳಿ ನೇರವಾಗಿ ಶ್ವಾಸನಾಳಕ್ಕೆ ನುಗ್ಗಿ, ಒಳಪೊರೆಯನ್ನು ಒಣಗಿಸಿ, ನಾಳವನ್ನು ಬಿಗಿಗೊಳಿಸುತ್ತದೆ. ಅಭ್ಯಾಸ ಮುಗಿದ ಹತ್ತು ನಿಮಿಷಕ್ಕೆ ಏಳುವ ಒಣ ಕೆಮ್ಮು, ಎದೆಯಲ್ಲಿ ಸಿಳ್ಳಿನಂಥ ಸದ್ದು ಇದರ ಗುರುತು. ಸೈಕ್ಲಿಸ್ಟ್ ಮತ್ತು ಟ್ರಯಥ್ಲೀಟ್‌ಗಳ ಮೇಲೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗಂಟಲ ನೋವು, ನೆಗಡಿಯ ಪ್ರಸಂಗಗಳ ಪೈಕಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಪ್ರಸಂಗಗಳಲ್ಲಿ ಮಾತ್ರ ರೋಗಾಣು ಪತ್ತೆಯಾಯಿತು. ಪ್ರತಿ ಚಳಿಗಾಲವೂ ತಿಂಗಳುಗಟ್ಟಲೆ ನೆಗಡಿ ಬಿಡದೆಂದು ಹೇಳುವ ಸೈಕ್ಲಿಸ್ಟ್‌ಗೆ ಬೇಕಾದದ್ದು ಆ್ಯಂಟಿಬಯೋಟಿಕ್ ಗುಳಿಗೆಯಾಗಿರದೆ ಉಬ್ಬಸದ ಪರೀಕ್ಷೆಯಾಗಿರಬಹುದು. ಬಾಯಿ ಮೂಗಿಗೆ ತೆಳುವಾದ ಬಟ್ಟೆ ಕಟ್ಟಿಕೊಳ್ಳುವುದು, ಅಭ್ಯಾಸವನ್ನು ಬಿಸಿಲೇರಿದ ಎಂಟು ಗಂಟೆಗೆ ಸರಿಸುವುದು, ನಿಧಾನವಾಗಿ ಮೈ ಕಾಯಿಸಿಕೊಂಡು ವೇಗಕ್ಕೆ ಹೋಗುವುದು ಇಂಥವರಿಗೆ ಔಷಧಕ್ಕಿಂತ ಮೊದಲಿನ ಮಾರ್ಗಗಳು.

ಇಲ್ಲಿಯವರೆಗಿನ ಎಲ್ಲ ಸಂಶೋಧನೆಯೂ ವ್ಯಾಯಾಮವನ್ನು ಮನುಷ್ಯನು ತಾನೇ ಆರಿಸಿಕೊಂಡ ಚಟುವಟಿಕೆಯೆಂದು ಭಾವಿಸಿಕೊಂಡಿದೆ. ಬೇಡವೆನಿಸಿದ ದಿನ ಬಿಡುವ ಸ್ವಾತಂತ್ರ್ಯ ಅದರೊಳಗೇ ಅಡಗಿದೆ. ತಿಕೋಟಾ ಬಬಲೇಶ್ವರಗಳ ದ್ರಾಕ್ಷಿ ತೋಟದಲ್ಲಿ ಚಾಟ್ನಿಯ, ಅಂದರೆ ಬಳ್ಳಿ ಸವರುವ, ದಿನಗಳಲ್ಲಿ ಕೈ ಎತ್ತಿಯೇ ದುಡಿಯುವವರಿಗೆ, ಬೆನ್ನಿಗೆ ಔಷಧದ ಪಂಪು ಹೊತ್ತು ಸಾಲಿನಿಂದ ಸಾಲಿಗೆ ನಡೆಯುವವರಿಗೆ, ಒಣದ್ರಾಕ್ಷಿಗೆ ಗಂಧಕದ ಹೊಗೆ ಹಾಕುವ ಕಡೆ ಕೆಲಸ ಮಾಡುವವರಿಗೆ ಆ ಸ್ವಾತಂತ್ರ್ಯವಿಲ್ಲ, ಒಂದು ದಿನ ಮಲಗಿದರೆ ಒಂದು ದಿನದ ಪಗಾರ ಹೋಗುತ್ತದೆ. ಶರೀರಕ್ಕೆ ಮಾತ್ರ ಸಾಮಿಗೂ ಕೂಲಿಗೂ ವ್ಯತ್ಯಾಸ ತಿಳಿಯದು. ಜ್ವರದಲ್ಲಿ ಎಂಟು ಗಂಟೆ ದುಡಿಯುವವನ ಹೃದಯದ ಮೇಲಿನ ಹೊರೆ ಜಿಮ್‌ನಲ್ಲಿ ಒಂದು ಗಂಟೆ ಕಳೆಯುವವನದಕ್ಕಿಂತ ಎಷ್ಟೋ ಹೆಚ್ಚು, ಮೇಲಾಗಿ ಗಂಧಕದ ಹೊಗೆ ಮತ್ತು ಸಿಂಪಡಣೆಯ ಹನಿಗಳು ಈಗಾಗಲೇ ಕೆರಳಿದ ಗಂಟಲನ್ನು ಮತ್ತಷ್ಟು ಕೆರಳಿಸುತ್ತವೆ. ಕ್ರೀಡಾವೈದ್ಯದ ಪುಸ್ತಕಗಳು ಈ ವರ್ಗದ ಬಗ್ಗೆ ಮೌನವಾಗಿರುವುದು ಆ ಶಾಸ್ತ್ರದ ದೊಡ್ಡ ಕೊರತೆ. ಪೂರ್ಣ ರಜೆ ಸಾಧ್ಯವಿಲ್ಲದಲ್ಲಿ ಜ್ವರವಿರುವವರನ್ನು ಸಿಂಪಡಣೆ ಮತ್ತು ಹೊರೆ ಹೊರುವ ಕೆಲಸದಿಂದ ಬಿಡಿಸಿ, ನೆರಳಿನಲ್ಲಿ ಕುಳಿತು ಮಾಡುವ ಆಯುವ, ಕಟ್ಟುವ ಕೆಲಸಕ್ಕೆ ಹಾಕುವಷ್ಟನ್ನಾದರೂ ತೋಟದ ಯಜಮಾನರು ಮಾಡಬಲ್ಲರು.

ಸೋಂಕು ಒಬ್ಬನದೇ ಸ್ವತ್ತಲ್ಲ ಎಂಬ ಕಾರಣವೂ ವಿರಾಮದ ಪರವಾಗಿದೆ. ನೆಗಡಿ ಹೆಚ್ಚು ಹರಡುವುದು ಮೊದಲ ಎರಡು ಮೂರು ದಿನಗಳಲ್ಲಿ. ಮೈಗೆ ಮೈ ತಾಗುವ ಗರಡಿಮನೆಯಲ್ಲಿ, ನೂರಾರು ಮಕ್ಕಳು ಒಟ್ಟಿಗೆ ಮಲಗಿ ಏಳುವ, ನಗರದ ಸೈನಿಕ ಶಾಲೆಯಂಥ ವಸತಿ ಶಾಲೆಗಳಲ್ಲಿ, ಒಂದೇ ಬಾಟಲಿಯಿಂದ ಕುಡಿಯುವ ತಂಡಗಳಲ್ಲಿ ಒಬ್ಬನ ಹಟ ಇಡೀ ತಂಡವನ್ನು ಮಲಗಿಸಬಹುದು. ನೆಗಡಿಯಿದ್ದೂ ಅಭ್ಯಾಸ ಬಿಡಲಾರದವರು ಆ ದಿನಗಳಲ್ಲಿ ಒಬ್ಬರೇ, ಬಯಲಿನಲ್ಲಿ, ಮಾತಾಡುತ್ತ ಮಾಡಬಹುದಾದಷ್ಟು ಹಗುರವಾಗಿ ನಡೆಯುವುದು ಮೇಲು. ವಿಜಯಪುರದ ಭೂತನಾಳ ಕೆರೆಯ ದಂಡೆ ಅದಕ್ಕೆ ಸಾಕಷ್ಟು ಅಗಲವಾಗಿದೆ.

ಹಿಂತಿರುಗುವ ಬಗೆ ಹೆಚ್ಚು ಚರ್ಚೆ ಬೇಡದ ಭಾಗ. ಜ್ವರ ಬಂದಿದ್ದರೆ, ಜ್ವರದ ಗುಳಿಗೆಯ ನೆರವಿಲ್ಲದೆ ಪೂರ್ತಿ ಒಂದು ದಿನ ಉಷ್ಣಾಂಶ ಸಹಜವಾಗಿದ್ದು ಮೈ ಹಗುರಾದ ಬಳಿಕ, ಅರ್ಧ ಸಮಯ ಮತ್ತು ಅರ್ಧ ವೇಗದಿಂದ ಆರಂಭಿಸಿ ಕೆಲವು ದಿನಗಳಲ್ಲಿ ಹಳೆಯ ಮಟ್ಟಕ್ಕೆ ಏರಬೇಕು. ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸಿದ ನಾಡಿಬಡಿತ ಎಂದಿನದಕ್ಕಿಂತ ಹತ್ತು ಹೆಚ್ಚಿದ್ದರೆ ಇನ್ನೊಂದು ದಿನ ಕಾಯುವುದು ಒಳ್ಳೆಯದು. ಒಂದು ವಾರದ ವಿರಾಮದಿಂದ ವರ್ಷದ ತಾಲೀಮು ನೀರುಪಾಲಾಗುವುದೆಂಬ ಭಯಕ್ಕೆ ಆಧಾರವಿಲ್ಲ, ಆ ಅವಧಿಯಲ್ಲಿ ಉಸಿರಿನ ಶಕ್ತಿ ಕುಗ್ಗುವುದು ಅತ್ಯಲ್ಪ. ನಿದ್ದೆಗೆ ಮಾತ್ರ ಬದಲಿಯಿಲ್ಲ: ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂಗಿಗೆ ವೈರಸ್ ಹಾಕಿಸಿಕೊಂಡವರ ಪೈಕಿ ಏಳು ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿಯಾಗುವ ಸಂಭವ ಎಂಟು ಗಂಟೆ ಮಲಗುವವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಮನೆಮದ್ದುಗಳಲ್ಲಿ ಉಪ್ಪುನೀರಿನ ಬಾಯಿ ಮುಕ್ಕಳಿಕೆಯೂ, ಒಂದು ವರ್ಷ ದಾಟಿದವರ ಕೆಮ್ಮಿಗೆ ಜೇನೂ ಹಿತಕರ. ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು, ಬಾವಿ ಕೆರೆಗಳ ಹಸಿ ನೀರನ್ನು ಮೂಗಿಗೆ ಏರಿಸಬಾರದು.

ಕೊನೆಯದಾಗಿ ಗುಳಿಗೆಯ ಮಾತು. ಅಂಗಡಿಯಲ್ಲಿ ಕೇಳಿ ತರುವ ನೆಗಡಿಯ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಜ್ವರ ಇಳಿಸುವ ಪ್ಯಾರಸಿಟಮಾಲ್, ಮಂಪರು ತರುವ ಕ್ಲೋರ್‌ಫೆನಿರಮಿನ್, ಮೂಗು ತೆರೆಸುವ ಔಷಧವೊಂದು ಒಟ್ಟಿಗೆ ಇರುತ್ತವೆ. ಮೊದಲನೆಯದು ಅಪಾಯದ ಗುರುತಾದ ಜ್ವರವನ್ನೇ ಮರೆಮಾಚುತ್ತದೆ, ಎರಡನೆಯದನ್ನು ನುಂಗಿ ಹೆದ್ದಾರಿಯಲ್ಲಿ ಸೈಕಲ್ ತುಳಿಯುವುದು ಅವಘಡಕ್ಕೆ ಆಹ್ವಾನ, ಮೂರನೆಯದು ರಕ್ತದೊತ್ತಡವನ್ನು ಏರಿಸಬಲ್ಲದು. ನೋವಿಗೆಂದು ಡೈಕ್ಲೊಫೆನ್ಯಾಕ್‌ನಂಥ ಗುಳಿಗೆ ನುಂಗಿ, ನೀರು ಕಡಿಮೆ ಕುಡಿದು, ಬೆವರು ಹರಿಸಿದರೆ ಮೂತ್ರಪಿಂಡಕ್ಕೂ ಏಟು ಬೀಳುತ್ತದೆ. ಸ್ಪರ್ಧೆಗಿಳಿಯುವವರಿಗೆ ಇನ್ನೊಂದು ಬಲೆಯಿದೆ: ಮೂಗು ತೆರೆಸುವ ಸ್ಯೂಡೊಎಫೆಡ್ರಿನ್ ಎಂಬ ಔಷಧವು ಮೂತ್ರದಲ್ಲಿ ಪ್ರತಿ ಮಿಲಿಲೀಟರಿಗೆ 150 ಮೈಕ್ರೊಗ್ರಾಂ ಮೀರಿದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಯಮದಂತೆ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ಜಿಮ್ನಾಸ್ಟ್ ಆ್ಯಂಡ್ರಿಯಾ ರಡುಕಾನ್ ತನ್ನ ಚಿನ್ನದ ಪದಕವನ್ನು ಕಳೆದುಕೊಂಡದ್ದು ತಂಡದ ವೈದ್ಯರೇ ಕೊಟ್ಟ ನೆಗಡಿಯ ಗುಳಿಗೆಯಲ್ಲಿದ್ದ ಇದೇ ಔಷಧದಿಂದ. ರಾಷ್ಟ್ರೀಯ ಕೂಟಗಳಿಗೆ ಹೋಗುವ ಜಿಲ್ಲೆಯ ಸೈಕ್ಲಿಸ್ಟ್‌ಗಳೂ ಪೈಲ್ವಾನರೂ ಗುಳಿಗೆಯ ಹೆಸರನ್ನು ತಮ್ಮ ಕೋಚ್‌ಗೂ ತಂಡದ ವೈದ್ಯರಿಗೂ ತೋರಿಸುವುದರ ಜೊತೆಗೆ, ಹಾಳೆಯ ಹಿಂಬದಿಯಲ್ಲಿ ಅಚ್ಚಾದ ಔಷಧಗಳ ಪಟ್ಟಿಯನ್ನು ನಿಷಿದ್ಧ ವಸ್ತುಗಳ ಚಾಲ್ತಿ ಪಟ್ಟಿಯೊಂದಿಗೆ ತಾವೇ ತಾಳೆ ನೋಡಬೇಕು, ಏಕೆಂದರೆ ಮೂತ್ರದಲ್ಲಿ ಸಿಕ್ಕ ಔಷಧಕ್ಕೆ ನಿಯಮದ ಪ್ರಕಾರ ಉತ್ತರ ಕೊಡಬೇಕಾದವರು ಕ್ರೀಡಾಪಟುಗಳೇ.